ತಾಯಿ-ಮಗಳ ಚಿತ್ರವನ್ನು ಮೊದಲ ಸೀನಿಂದ ಕೊನೆ ಸೀನಿನವರೆಗೆ ಸಾಲಾಗಿ ಶೂಟ್ ಮಾಡಿದೆವು: ನನ್ನ ಅನುಭವ

ಕಥೆ ನಡೆಯುವ ಕ್ರಮದಲ್ಲೇ ಶೂಟ್ ಮಾಡ್ತೀನಿ ಅಂದಾಗ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಕೈ ಮುಗಿದುಬಿಟ್ಟರು. "ಮೇಡಂ, ಒಂದೇ ಅಡುಗೆಮನೆಗೆ 11 ಸಲ ಲೈಟ್ ಹಾಕ್ಬೇಕಾಗುತ್ತೆ. ದುಡ್ಡು ಯಾರು ಕೊಡ್ತಾರೆ?" ಕ್ಯಾಮೆರಾಮನ್ ಕೂಡ ಒಪ್ಪಲಿಲ್ಲ. ಚಿತ್ರ ಈಗ ಮುಗಿದಿದೆ, ಜನ ನೋಡಿದ್ದಾರೆ. ಬೇಡ ಅಂದವರಲ್ಲಿ ಇಬ್ಬರು ತಮ್ಮ ಮುಂದಿನ ಚಿತ್ರಕ್ಕೆ ನನ್ನ ಶೆಡ್ಯೂಲ್ ಪ್ರತಿ ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಚಿಕ್ಕದು. ಸಾಗರದ ಹತ್ತಿರ ಒಂದು ಹೆಂಚಿನ ಮನೆ. ಗಂಡ ತೀರಿಕೊಂಡ ಅಮ್ಮ, 34 ವರ್ಷದ ಮಗಳು. ಮಗಳು ಕಾಲೇಜಲ್ಲಿ ಪಾಠ ಮಾಡ್ತಾಳೆ, ಸಂಬಳ ತರ್ತಾಳೆ. ಆದರೆ ಅವಳ ಬ್ಯಾಂಕ್ ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರ್ ಅಮ್ಮನದು. ಒಂದು ಕುರ್ತಾ ತರಿಸಬೇಕಾದರೂ ಫೋನ್ ಮಾಡಿ "ಅಮ್ಮಾ, ಓಟಿಪಿ ಬಂತಾ?" ಅಂತ ಕೇಳಬೇಕು. ಅಮ್ಮ ಓಟಿಪಿ ಹೇಳುತ್ತಾಳೆ, ಯಾವತ್ತೂ ಇಲ್ಲ ಅನ್ನಲ್ಲ. ಹೇಳುವ ಮುಂಚೆ "ಯಾತಕ್ಕೆ?" ಅಂತ ಕೇಳುತ್ತಾಳೆ, ಅಷ್ಟೇ. ಇಡೀ ಚಿತ್ರ ಆ "ಯಾತಕ್ಕೆ" ಮೇಲೆ ನಿಂತಿದೆ.

ಇದನ್ನು ಎರಡು ವರ್ಷದ ಹಿಂದೆ ಒಂದು ಸಲ ಮಾಡಲು ಹೋಗಿ ಕೆಡಿಸಿಕೊಂಡಿದ್ದೆ. ಆಗ ಎಲ್ಲರ ಹಾಗೆ ಜಾಗದ ಲೆಕ್ಕದಲ್ಲಿ ಶೆಡ್ಯೂಲ್ ಹಾಕಿದ್ದೆ. ಅಡುಗೆಮನೆ ಸೀನೆಲ್ಲ ಒಟ್ಟಿಗೆ, ಜಗಲಿ ಸೀನೆಲ್ಲ ಒಟ್ಟಿಗೆ. ಹಾಗಾಗಿ ಮಗಳು ಮನೆ ಬಿಟ್ಟು ಹೊರಡುವ ಸೀನು ಮೂರನೇ ದಿನಕ್ಕೇ ಬಂತು. ಆ ಹುಡುಗಿ ಚೆನ್ನಾಗಿ ಅತ್ತಳು. ಎಡಿಟಿಂಗಲ್ಲಿ ನೋಡಿದರೆ ಯಾರದೋ ಮನೆಯಲ್ಲಿ ಯಾರಿಗೋ ಅಳುತ್ತಿರುವ ಹಾಗಿತ್ತು. ಅಮ್ಮನ ಕೈಯಲ್ಲಿ ಅವಳು ಇನ್ನೂ ಒಂದು ದಿನವೂ ಸವೆದಿರಲಿಲ್ಲ, ಅಳು ಎಲ್ಲಿಂದ ಬರಬೇಕು? ಅದರ ಮೇಲೆ ಜೂನ್ ತಿಂಗಳು. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಸಿಂಕ್ ಸೌಂಡ್, ಅಂದರೆ ಶೂಟ್ ಮಾಡುವಾಗಲೇ ರೆಕಾರ್ಡ್ ಮಾಡುವ ಮಾತು, ಪೂರ್ತಿ ಹೋಯಿತು. ಮಲೆನಾಡಲ್ಲಿ ಜೂನಿಗೆ ಸಿಂಕ್ ಸೌಂಡ್ ಇಟ್ಟುಕೊಂಡಿದ್ದು ನನ್ನದೇ ತಪ್ಪು. ಸುಮಾರು 7 ಲಕ್ಷ ಕೈ ಬಿಟ್ಟಿತು. ಅರ್ಧ ದುಡ್ಡು ಹಾಕಿದ್ದ ಸ್ನೇಹಿತರು "ಅಮ್ಮನ್ನ ಕೆಟ್ಟವಳನ್ನಾಗಿ ತೋರಿಸಿದರೆ ಕನ್ನಡದವರು ಒಪ್ಪಲ್ಲ, ತಾಯಿ ಸೆಂಟಿಮೆಂಟ್ ಗೊತ್ತಲ್ಲ" ಅಂತ ಹೇಳಿ ಅಲ್ಲಿಗೇ ಬಿಟ್ಟರು.

ಎರಡನೇ ಸಲ ಡಿಸೆಂಬರ್ ಹಿಡಿದೆ. ಮಳೆ ಇಲ್ಲ ಅಂತ ಖುಷಿಯಲ್ಲಿದ್ದರೆ, ಅಡಿಕೆ ಕೊಯ್ಲಿನ ಕಾಲ! ಪಕ್ಕದ ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಬೆಳಿಗ್ಗೆಯಿಂದ ರಾತ್ರಿವರೆಗೆ. ಆ ಮನೆಯ ಯಜಮಾನರ ಹತ್ತಿರ ಹೋಗಿ ಕೂತು ಕಾಫಿ ಕುಡಿದು ಮಾತಾಡಿದೆ. ಮಧ್ಯಾಹ್ನ ಮೂರರವರೆಗೆ ನಮಗೆ, ಆಮೇಲೆ ಅವರಿಗೆ ಅಂತ ಆಯಿತು. ಮೂರರ ಮೇಲೆ ಮಾತಿಲ್ಲದ ಶಾಟ್‌ಗಳನ್ನು ತೆಗೆದೆವು. ಒಂದು ಸೀನಲ್ಲಿ ಮಾತ್ರ ಯಂತ್ರದ ಸದ್ದು ಬೇಕು ಅಂತಲೇ ಇಟ್ಟೆ. ಅಮ್ಮ ಏನೋ ಹೇಳುತ್ತಾಳೆ, ಮಗಳಿಗೆ ಕೇಳಿಸಲ್ಲ, "ಹ್ಞಾಂ ಅಮ್ಮ" ಅನ್ನುತ್ತಾಳೆ. ಬರೆದಿದ್ದಕ್ಕಿಂತ ಚೆನ್ನಾಗಿ ಬಂದ ಸೀನು ಅದು.

ಈಗ ವಿಧಾನಕ್ಕೆ ಬರ್ತೀನಿ. ಒಟ್ಟು 62 ಸೀನು, 17 ದಿನ. ಸೀನು ಒಂದರಿಂದ ಶುರು, 62ಕ್ಕೆ ಕೊನೆ. ಇಬ್ಬರಿಗೂ ಪೂರ್ತಿ ಸ್ಕ್ರಿಪ್ಟ್ ಕೊಡಲಿಲ್ಲ. ಹಿಂದೆ ಕಂಪನಿ ನಾಟಕದಲ್ಲಿ ಅವರವರ ಪಾರ್ಟು ಮಾತ್ರ ಬರೆದು ಕೊಡುತ್ತಿದ್ದರಲ್ಲ, ಹಾಗೇ ಮಾಡಿದೆ. ಅದೂ ಹಿಂದಿನ ರಾತ್ರಿ. ಮಗಳ ಪಾತ್ರದವರು ಹೆಗ್ಗೋಡಿನಲ್ಲಿ ರಂಗಶಿಕ್ಷಣ ಮುಗಿಸಿದವರು, ಪೂರ್ತಿ ನಾಟಕ ಓದಿ ಅಭ್ಯಾಸ. ಮೊದಲ ಎರಡು ದಿನ ನನ್ನ ಮೇಲೆ ತುಂಬಾ ಸಿಟ್ಟು ಮಾಡಿಕೊಂಡರು. ಐದನೇ ದಿನಕ್ಕೆ ಅಮ್ಮ ಏನು ಹೇಳಿಬಿಡ್ತಾರೋ ಅಂತ ಅವರ ಭುಜ ತಾನಾಗೇ ಮೇಲೇರುವುದಕ್ಕೆ ಶುರುವಾಯಿತು. ಆ ಭುಜವನ್ನು ಯಾವ ನಿರ್ದೇಶಕರೂ ಹೇಳಿ ಮಾಡಿಸೋಕೆ ಆಗಲ್ಲ.

ಅಮ್ಮನ ಪಾತ್ರದವರು ನಿವೃತ್ತ ಮೇಷ್ಟ್ರಮ್ಮ, ಹವ್ಯಾಸಿ ನಾಟಕದಲ್ಲಿ ಮಾಡಿದವರು. ಅವರಿಗೆ ಹೇಳಿದ್ದು ಒಂದೇ: ದನಿ ಏರಿಸಬೇಡಿ. ಕೂಗಾಡುವ ಅಮ್ಮನಿಗೆ ಮಗಳು ತಿರುಗಿ ಕೂಗಬಹುದು. ಮೆತ್ತಗೆ "ನಿನ್ನ ಒಳ್ಳೇದಕ್ಕೇ ಅಲ್ವಾ ಹೇಳೋದು" ಅನ್ನೋ ಅಮ್ಮನಿಗೆ ಏನು ಹೇಳ್ತೀರಿ?

ಕ್ಯಾಮೆರಾ ಎತ್ತರದ ವಿಷಯ ಇಲ್ಲಿ ಹೇಳಲೇಬೇಕು. ಅಮ್ಮನ ಪಾತ್ರದವರ ಕಣ್ಣಿನ ಮಟ್ಟ ನೆಲದಿಂದ ಸುಮಾರು ನಾಲ್ಕೂಮುಕ್ಕಾಲು ಅಡಿ. ಟ್ರೈಪಾಡ್ ಕಾಲಿಗೆ ಬಿಳಿ ಟೇಪ್ ಸುತ್ತಿ ಅಲ್ಲಿಗೇ ಗುರುತು ಹಾಕಿದೆವು. ಮಗಳು ಒಬ್ಬಳೇ ಇರುವ ಸೀನಲ್ಲೂ, ಕಾಲೇಜಿನ ಸ್ಟಾಫ್ ರೂಮಲ್ಲೂ ಅದೇ ಎತ್ತರ. ಅಮ್ಮ ಅಲ್ಲಿಲ್ಲ, ಆದರೂ ನೋಡ್ತಿದ್ದಾಳೆ. ಒಂದೇ ಒಂದು ಸೀನಲ್ಲಿ ಮಾತ್ರ ಕ್ಯಾಮೆರಾ ಮಗಳ ಕಣ್ಣಿನ ಮಟ್ಟಕ್ಕೆ ಏರುತ್ತದೆ. ಯಾವುದು ಅಂತ ಹೇಳಲ್ಲ, ಚಿತ್ರ ನೋಡಿ ಹುಡುಕಿ.

ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ 1978ರಲ್ಲಿ ಮಾಡಿದ 'ಆಟಮ್ ಸೊನಾಟಾ' ನೋಡಿದವರಿಗೆ ಪಿಯಾನೋ ಸೀನು ನೆನಪಿರುತ್ತದೆ. ಮಗಳು ಶೋಪಾನ್‌ನ ಒಂದು ಪ್ರೆಲ್ಯೂಡ್ ನುಡಿಸುತ್ತಾಳೆ. ಹೆಸರಾಂತ ಕಲಾವಿದೆಯಾದ ಅಮ್ಮ ಪಕ್ಕದಲ್ಲಿ ಕೂತು ಅದನ್ನೇ ಮತ್ತೆ ನುಡಿಸಿ ತೋರಿಸುತ್ತಾಳೆ. ಆಗ ಮಗಳ ಪಾತ್ರದ ಲಿವ್ ಉಲ್ಮನ್ ಅಮ್ಮನ ಮುಖವನ್ನೇ ನೋಡುತ್ತಾ ಕೂತಿರುವುದನ್ನು ನಾನು ಹತ್ತಾರು ಸಲ ನೋಡಿದ್ದೇನೆ. ಸೀನು ನುಡಿಸುವವರದಲ್ಲ, ಕೇಳುತ್ತಾ ಕೂತವರದು ಅಂತ ಅಲ್ಲೇ ಕಲಿತೆ. ನನ್ನ ಮನೆಯಲ್ಲಿ ಪಿಯಾನೋ ಇಲ್ಲ, ಸೀರೆ ಇದೆ. ಮಗಳು ಒಗೆದ ಸೀರೆ ಮಡಿಸಿ ಮಂಚದ ಮೇಲೆ ಇಡುತ್ತಾಳೆ. ಅಮ್ಮ ಬಂದು ಏನೂ ಹೇಳದೆ ಅದನ್ನು ಎತ್ತಿ, ಒಂದು ಸಲ ಕೊಡವಿ, ಅಂಚಿಗೆ ಅಂಚು ಹಿಡಿದು ಮತ್ತೆ ಮಡಿಸುತ್ತಾಳೆ. ಮಡಿಕೆಯ ಮೇಲೆ ಅಂಗೈ ಒತ್ತಿ ಸವರುತ್ತಾಳೆ. ಮಗಳು ಬಾಗಿಲ ಹತ್ತಿರ ನಿಂತು ಆ ಅಂಗೈಯನ್ನು ನೋಡುತ್ತಾಳೆ. ಎಡಿಟರ್ ಎಂಟು ಸೆಕೆಂಡಿಗೆ ಇಳಿಸೋಣ ಅಂದರು. ನಾನು ಒಂದು ನಿಮಿಷ 40 ಸೆಕೆಂಡ್ ಇಟ್ಟೆ. ಚಿತ್ರ ಮುಗಿದ ಮೇಲೆ ಜನ ಮಾತಾಡುವುದು ಆ ಸೀನಿನ ಬಗ್ಗೆಯೇ.

ಸೌಂಡಿಗೆ ಪಟ್ಟ ಪಾಡು ಬೇರೆ. ಫ್ರಿಜ್, ಫ್ಯಾನ್ ಆರಿಸುವುದು ನಿಮಗೆಲ್ಲ ಗೊತ್ತಿರುವುದೇ. ಗೋಡೆ ಸದ್ದನ್ನು ವಾಪಸ್ ಹೊಡೆಯುತ್ತಿತ್ತು. ಕ್ಯಾಮೆರಾ ಹಿಂದಿನ ಗೋಡೆಗೆಲ್ಲ ಕಂಬಳಿ ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿದೆವು. ಅಮ್ಮನ ಸೊಂಟದಲ್ಲಿ ಬೀಗದಕೈ ಗೊಂಚಲು ಇರುತ್ತದೆ, ಅವಳು ಬರುವ ಮೊದಲು ಅದು ಕೇಳಬೇಕು. ಗುಜರಿಯಿಂದ ಒಂದು ಕಿಲೋದಷ್ಟು ಹಳೇ ಬೀಗದಕೈ ತಂದು ಕಬ್ಬಿಣದ್ದು, ಹಿತ್ತಾಳೆಯದು ಬೇರೆ ಬೇರೆ ಮಾಡಿ ಎರಡು ರಾತ್ರಿ ರೆಕಾರ್ಡ್ ಮಾಡಿದೆವು. ಬರೀ ಕಬ್ಬಿಣ ಒರಟು, ಬರೀ ಹಿತ್ತಾಳೆ ಗೆಜ್ಜೆ ಥರ. ಕೊನೆಗೆ ಒಂದು ಮಿಶ್ರಣ ಸಿಕ್ಕಿತು. ಲೆಕ್ಕ ನನ್ನ ಸೌಂಡ್ ಹುಡುಗನ ಹತ್ತಿರ ಇದೆ, ಅದು ಅವನ ಆಸ್ತಿ. ಇದೇ ಭರದಲ್ಲಿ ಮಗಳ ಕನಸಿನ ಸೀನೊಂದನ್ನು ಮೊಬೈಲಲ್ಲಿ ಶೂಟ್ ಮಾಡಿ ನೋಡಿದೆ. ಉಳಿದ ಚಿತ್ರದ ಜೊತೆ ಕೂಡಲಿಲ್ಲ, ತೆಗೆದುಹಾಕಿದೆ. ಅರ್ಧ ದಿನ ಹೋಯಿತು.

ಬೆಕ್ಕಿನ ವಿಷಯದಲ್ಲಿ ಹುಷಾರು. ಒಂಬತ್ತನೇ ದಿನದ ಅತ್ಯುತ್ತಮ ಟೇಕಿನಲ್ಲಿ ಮನೆಯ ಬೆಕ್ಕು ತಾನಾಗೇ ಬಂದು ಅಮ್ಮನ ಕಾಲಿಗೆ ಮೈ ಉಜ್ಜಿತು. ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಇಲ್ಲದೆ ಸೆನ್ಸಾರಿನಲ್ಲಿ ಅದು ದಾಟಲ್ಲ ಅಲ್ವಾ, ನಾವು ಮೊದಲೇ ಅನುಮತಿ ತೆಗೆದುಕೊಂಡಿರಲಿಲ್ಲ. ಆ ಶಾಟ್ ಬಿಟ್ಟಿದ್ದು ನನಗೆ ಇನ್ನೂ ಹೊಟ್ಟೆ ಉರಿ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳ್ತೀನಿ. ಕ್ಯಾಮೆರಾ, ಲೆನ್ಸ್ ದಿನಕ್ಕೆ 9 ಸಾವಿರ. ಸಿಂಕ್ ಸೌಂಡ್ ತಂಡ, ಸಾಮಾನು ಸೇರಿ 14 ಸಾವಿರ. ಮನೆ ಬಾಡಿಗೆ ಮೂರೂವರೆ ಸಾವಿರ. 19 ಜನಕ್ಕೆ ಊಟ, ತಿಂಡಿ ಏಳೆಂಟು ಸಾವಿರ. ಬಾಟಾ (ದಿನಭತ್ಯೆ), ಓಡಾಟ, ಸಂಭಾವನೆ ಬೇರೆ. ಡಿಐ (ಚಿತ್ರದ ಬಣ್ಣ ಹದ ಮಾಡುವ ಕೆಲಸ), ಸೌಂಡ್ ಮಿಕ್ಸಿಂಗ್ ಎಲ್ಲ ಸೇರಿ 8 ಲಕ್ಷ ಮೀರಿತು. ಒಟ್ಟು 29 ಲಕ್ಷದ ಆಸುಪಾಸು. ಜಾಗದ ಲೆಕ್ಕದಲ್ಲಿ ಮಾಡಿದ್ದರೆ 13 ದಿನ ಸಾಕಿತ್ತು. ಆ ನಾಲ್ಕು ದಿನ ಜಾಸ್ತಿಯಾಗಿದ್ದಕ್ಕೆ ಎರಡೂವರೆ ಲಕ್ಷ ಹೆಚ್ಚು ಬಿತ್ತು. ಆದರೆ ಡಬ್ಬಿಂಗ್ ಇಲ್ಲದೆ ಒಂದೂವರೆ ಲಕ್ಷ ಉಳಿಯಿತು. ರೀಶೂಟ್ ಒಂದು ಗಂಟೆಯೂ ಆಗಲಿಲ್ಲ. ನನ್ನ ಬಜೆಟ್ಟಿನವರು ಎಷ್ಟು ಜನ ಹೀಗೆ ಹೇಳಬಹುದು? ಸಬ್ಸಿಡಿಗೆ ಅರ್ಜಿ ಹಾಕಿದ್ದೇವೆ, ಬಂದರೆ 10 ಲಕ್ಷ. ಓಟಿಟಿ ಮಾತುಕತೆ ಎರಡು ಸಲ ಮುರಿದುಬಿತ್ತು. ಈಗ ಊರೂರಿಗೆ ಹೋಗಿ ಟಿಕೆಟ್ ಇಟ್ಟು ತೋರಿಸುತ್ತಿದ್ದೇವೆ. ಇಲ್ಲಿವರೆಗೆ 4 ಲಕ್ಷದ ಹತ್ತಿರ ವಾಪಸ್ ಬಂದಿದೆ.

ಕೊನೆಯ ಸೀನಲ್ಲಿ ಅಮ್ಮನ ಮುಖ ಹಾಗೆ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. 17ನೇ ದಿನ ಬೆಳಿಗ್ಗೆ ಅವರಿಗೆ ಪಾರ್ಟೇ ಕೊಟ್ಟಿರಲಿಲ್ಲ ಅನ್ನುವಷ್ಟು ಹೇಳಬಲ್ಲೆ. ಮಿಕ್ಕಿದ್ದು ಮುಂದಿನ ಚಿತ್ರಕ್ಕೆ ಬೇಕು.

ಮೊನ್ನೆ ಶಿವಮೊಗ್ಗದಲ್ಲಿ ಶೋ ಮುಗಿದ ಮೇಲೆ ಅರವತ್ತು ದಾಟಿದ ಒಬ್ಬರು ನನ್ನ ಹತ್ತಿರ ಬಂದರು. ಪಕ್ಕದಲ್ಲಿ ಮಗಳೂ ಇದ್ದಳು. ಅವರು ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. "ಬ್ಯಾಂಕಲ್ಲಿ ನಂಬರ್ ಬದಲಾಯಿಸೋಕೆ ಏನೇನು ತಗೊಂಡು ಹೋಗಬೇಕು?" ಅಂತ ನನ್ನನ್ನೇ ಕೇಳಿದರು.