ಮಳೆಗಾಲದ ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ: ನನ್ನ ಅನುಭವ

ಶಿರಸಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ನನಗೂ ಮೂಗಿನ ಅಲರ್ಜಿ ಇದೆ. ಜೂನ್ ಬಂತೆಂದರೆ ಗೋಡೆ ಒದ್ದೆ, ಕಪಾಟಿನ ಬಟ್ಟೆಗೆ ಬೂಷ್ಟು. ಹಾಸಿಗೆಯ ಧೂಳಿನ ಹುಳಗಳಿಗೂ ಈ ತೇವವೇ ಬೇಕು. ಬೆಳಿಗ್ಗೆ ಏಳುತ್ತಲೇ ಸಾಲು ಸೀನು, ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಟ.

ಡಾಕ್ಟರು ಫ್ಲುಟಿಕಾಸೋನ್ ಫ್ಯೂರೋಯೇಟ್ ಎಂಬ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಒಂದು ಪಫ್‌ಗೆ 27.5 ಮೈಕ್ರೋಗ್ರಾಂ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ, ಪ್ರತಿ ಹೊಳ್ಳೆಗೆ 2 ಪಫ್. ಹತೋಟಿಗೆ ಬಂದ ಮೇಲೆ 1ಕ್ಕೆ ಇಳಿಸುತ್ತಾರೆ. ಅವರ ಸಲಹೆಯಂತೆ ನಾನು ಮೇ ಕೊನೆಯಲ್ಲೇ ಶುರು ಮಾಡುತ್ತೇನೆ. ಮೂಗಿನ ಒಳಪದರದ ಊತ ಇಳಿಸುವ ಔಷಧಿ ಇದು. ಪೂರ್ತಿ ಗುಣ ಕಾಣಲು ಕೆಲವೊಮ್ಮೆ ಎರಡು ವಾರ ಬೇಕು. ಮೂಗು ಕಟ್ಟಿದ ದಿನ ಮಾತ್ರ ಹಾಕಿದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ.

ಹಾಕುವ ರೀತಿಯೇ ಮುಖ್ಯ. ಮೊದಲು ಮೂಗು ಸೀಟಿ, ಉಪ್ಪುನೀರಿನ ಸ್ಪ್ರೇಯಿಂದ ತೊಳೆದುಕೊಳ್ಳುತ್ತೇನೆ. ಬಾಟಲಿ ಚೆನ್ನಾಗಿ ಕುಲುಕುತ್ತೇನೆ. ಹೊಸದಾದರೆ ಸಣ್ಣ ಹನಿಯಾಗಿ ಬರುವ ತನಕ ಗಾಳಿಗೆ ಹೊಡೆಯಬೇಕು. ತಲೆ ಹಿಂದಕ್ಕೆ ಎತ್ತುವುದಿಲ್ಲ, ಸ್ವಲ್ಪ ಮುಂದಕ್ಕೆ ಬಗ್ಗಿಸುತ್ತೇನೆ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಹಿಡಿದರೆ ತುದಿ ತಾನಾಗೇ ಕಿವಿಯ ಕಡೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ದಿನಾ ಬಿದ್ದರೆ ಅಲ್ಲಿ ಒಣಗಿ ರಕ್ತ ಬರಬಹುದು. ಪಫ್ ಒತ್ತುವಾಗ ಮೆಲ್ಲಗೆ ಉಸಿರು ಎಳೆದರೆ ಸಾಕು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ, ಮೂಗಿನಲ್ಲಿ ಉಳಿಯುವುದಿಲ್ಲ. ಕೂಡಲೇ ಮೂಗು ಸೀಟುವುದೂ ಬೇಡ.

"ಅಕ್ಕಾ, ಸ್ಟೀರಾಯ್ಡ್ ಅಲ್ವಾ, ಅಭ್ಯಾಸ ಆಗ್ತದಾ?" ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಇದು ಚಟ ಹಿಡಿಸುವ ಔಷಧಿ ಅಲ್ಲ. ಇದರಲ್ಲಿ ರಕ್ತಕ್ಕೆ ಸೇರುವುದು ಶೇ 1ಕ್ಕಿಂತ ಕಡಿಮೆ. ನಿಜವಾಗಿ ಹೆದರಬೇಕಾದದ್ದು, ನಿಮಿಷದಲ್ಲೇ ಮೂಗು ಬಿಡಿಸುವ ಝೈಲೋಮೆಟಾಜೋಲಿನ್ ಹನಿಗಳಿಗೆ. ಅವನ್ನು ಕೆಲವು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಮತ್ತಷ್ಟು ಕಟ್ಟುತ್ತದೆ. ಆಮೇಲೆ ಬಿಡುವುದೇ ಕಷ್ಟ. ಅಂಥವರನ್ನು ನೋಡಿದಾಗ ನನಗೆ ಬಹಳ ಸಂಕಟ ಆಗುತ್ತದೆ.

ಹಾಗಂತ ಸ್ಟೀರಾಯ್ಡ್ ಸ್ಪ್ರೇಯನ್ನೂ ಕೇಳಿದವರಿಗೆಲ್ಲ ಸುಮ್ನೆ ಕೊಡುವುದಿಲ್ಲ. ಗ್ಲಾಕೋಮಾ (ಕಣ್ಣಿನ ನರ ಹಾಳು ಮಾಡುವ ಕಾಯಿಲೆ) ಇದ್ದವರು, ಇತ್ತೀಚೆಗೆ ಮೂಗಿನ ಆಪರೇಷನ್ ಆದವರು ಮೊದಲು ಡಾಕ್ಟರಿಗೆ ಹೇಳಲೇಬೇಕು. ಮಕ್ಕಳಿಗೆ ತಿಂಗಳುಗಟ್ಟಲೆ ಹಾಕುವುದಿದ್ದರೆ ಎತ್ತರ ಅಳೆಸುತ್ತಿರಬೇಕು. ಪದೇ ಪದೇ ರಕ್ತ ಬಂದರೆ ಸ್ಪ್ರೇ ನಿಲ್ಲಿಸಿ, ಮೂಗು ತೋರಿಸಿ.