ಕೈಕಸುಬಿಗೆ ಕೋಚ್: ಮೊದಲು ಗಂಟೆಯ ಲೆಕ್ಕ, ಆಮೇಲೆ ಮಾರಾಟದ ಮಾತು

ಕೈಯಿಂದ ಮಾಡಿದ ಸರಕು ಮಾರುವವರು ಕೋಚ್ (ವ್ಯಾಪಾರದ ಮಾರ್ಗದರ್ಶಕ) ಬಳಿ ಹೋದಾಗ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಮಾರಾಟ ಹೆಚ್ಚಬೇಕು. ಆದರೆ ಕಸುಬು ಮೂರು ಕಡೆ ಸಿಕ್ಕಿಹಾಕಿಕೊಂಡಿರಬಹುದು. ಗಿರಾಕಿಗಳು ಸಾಲದಿರಬಹುದು, ಕೈಗೆ ಬಿಡುವಿಲ್ಲದಿರಬಹುದು, ಇಲ್ಲವೇ ಮಾರಿದ ಪ್ರತಿ ವಸ್ತುವಿನಲ್ಲೂ ಉಳಿಯುವುದು ಏನೂ ಇಲ್ಲದಿರಬಹುದು. ಎರಡನೆಯದೋ ಮೂರನೆಯದೋ ಆಗಿದ್ದರೆ ಮಾರಾಟ ಏರಿದಷ್ಟೂ ನಷ್ಟ ಮತ್ತು ದಣಿವು ಏರುತ್ತವೆ. ಯಾವ ಕಡೆ ಸಿಕ್ಕಿದೆ ಎಂದು ಪತ್ತೆಹಚ್ಚುವುದೇ ಕೋಚ್ ಜೊತೆ ಮಾಡಬೇಕಾದ ಮೊದಲ ಕೆಲಸ. ಅದಕ್ಕೆ ಬೇಕಾದ ಅಂಕಿಗಳನ್ನು ನೀವೇ ತರಬೇಕು.

ಮೊದಲ ಭೇಟಿಗೆ ಮುನ್ನ

ಕಳೆದ 3 ತಿಂಗಳ ಮಾರಾಟ ಮತ್ತು ಖರ್ಚನ್ನು ಒಂದೆಡೆ ಬರೆದಿಡಿ. ಯಾವ ವಸ್ತು ಎಷ್ಟು ಹೋಯಿತು, ಯಾವುದು ಮೂಲೆಯಲ್ಲೇ ಉಳಿಯಿತು ಎಂಬುದೂ ಅದರಲ್ಲಿರಲಿ. ಇದು ಸುಲಭದ ಭಾಗ.

ಕಷ್ಟದ್ದು ಸಮಯದ ಲೆಕ್ಕ. ಕೆಲಸದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟು, 2 ವಾರ ಪ್ರತಿ ಕೆಲಸ ಶುರುವಾದ ಮತ್ತು ಮುಗಿದ ಹೊತ್ತು ಬರೆಯಿರಿ. ಕತ್ತರಿಸುವುದು, ಹೊಲಿಯುವುದಷ್ಟೇ ಅಲ್ಲ. ಸಾಮಗ್ರಿ ತರಲು ಹೋದದ್ದು, ಫೋಟೋ ತೆಗೆದದ್ದು, ಗಿರಾಕಿಗಳಿಗೆ ಉತ್ತರಿಸಿದ್ದು, ಪ್ಯಾಕ್ ಮಾಡಿದ್ದು, ಉಪಕರಣ ಮಸೆದದ್ದು ಎಲ್ಲವೂ ಬರಲಿ. ನೆನಪಿನಿಂದ ಬರೆದ ಲೆಕ್ಕವನ್ನು ನಂಬಬೇಡಿ. ಕೈಗೆ ಪಳಗಿದ ಕೆಲಸ ಯಾವಾಗಲೂ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಎಲ್ಲವನ್ನೂ ಹರಡಿ ಸಜ್ಜು ಮಾಡಿಕೊಳ್ಳುವ ಹೊತ್ತು, ಕೊನೆಯ ಉಜ್ಜಾಟದ ಹೊತ್ತು ಮರೆತೇ ಹೋಗುತ್ತದೆ. ಅಂಟು ಅಥವಾ ಬಣ್ಣ ಒಣಗುವಾಗ ಬೇರೆ ಕೆಲಸ ಮಾಡಿದರೆ ಆ ಕಾಯುವಿಕೆಯನ್ನು ಸೇರಿಸಬೇಡಿ. ಸುಮ್ಮನೆ ಕೂತಿದ್ದರೆ ಸೇರಿಸಿ.

ಒಂದು ಚೀಲದ ಅಸಲು

ಚರ್ಮದ ಚೀಲವೊಂದನ್ನು ತೆಗೆದುಕೊಳ್ಳಿ. ಹಣ ಯಾವುದಾದರೂ ಇರಲಿ, ಅಂಕಿಗಳನ್ನಷ್ಟೇ ನೋಡಿ. ಚೀಲ ಮಾಡಲು ಬಳಕೆಯಾಗುವ ಸಾಮಗ್ರಿ 300. ಕತ್ತರಿಸುವಾಗ ವ್ಯರ್ಥವಾಗುವುದು ಶೇ. 20 ಎಂದರೆ ಇನ್ನೊಂದು 60. ಕೆಲಸ 4 ಗಂಟೆ, ಗಂಟೆಗೆ ಕೂಲಿ 150, ಒಟ್ಟು 600. ಬಾಡಿಗೆ, ವಿದ್ಯುತ್, ಉಪಕರಣದ ಸವೆತ, ಇಂಟರ್‌ನೆಟ್ ಮುಂತಾದ ತಿಂಗಳ ಖರ್ಚು 12,000. ತಿಂಗಳಲ್ಲಿ ನಿಜಕ್ಕೂ ಕೈಕೆಲಸಕ್ಕೆ ಸಿಗುವುದು 100 ಗಂಟೆಯಾದರೆ ಗಂಟೆಗೆ 120, ಚೀಲಕ್ಕೆ 480. ಒಟ್ಟು ಅಸಲು 1440.

ಸಾಮಗ್ರಿಯ ಮೂರು ಪಟ್ಟು ಬೆಲೆ ಎಂಬ ರೂಢಿಯ ಸೂತ್ರ ಹಿಡಿದವರು ಇದನ್ನೇ 900ಕ್ಕೆ ಮಾರುತ್ತಾರೆ. ಪ್ರತಿ ಚೀಲಕ್ಕೆ 540 ಕಡಿಮೆ. ಕೈಯಿಂದ ಹಣ ಹೋದಂತೆ ಕಾಣುವುದಿಲ್ಲ, ಯಾಕೆಂದರೆ ಕಡಿತವಾಗುವುದು ಅವರದೇ ಕೂಲಿ. ಸೂತ್ರ ಸುಳ್ಳಲ್ಲ, ಸಾಮಗ್ರಿ ದುಬಾರಿಯಾಗಿ ಕೆಲಸ ಚಿಕ್ಕದಾಗಿರುವ ಕಡೆ ನಡೆಯುತ್ತದೆ, ಗಂಟೆಗಳೇ ಹೆಚ್ಚಿರುವ ಕಸುಬಿನಲ್ಲಿ ಮೋಸ ಮಾಡುತ್ತದೆ.

ಅಸಲಿನ ಮೇಲೆ ಶೇ. 20 ಲಾಭ ಸೇರಿಸಿದರೆ ಸಗಟು ಬೆಲೆ 1728. ಅದರ ಎರಡು ಪಟ್ಟು, 3456, ಚಿಲ್ಲರೆ ಬೆಲೆ. ಅಂಗಡಿಯವರು ಶೇ. 40 ಕಮಿಷನ್ ಹಿಡಿದರೂ ಸುಮಾರು 2074 ನಿಮಗೆ ಬರುತ್ತದೆ, ಲಾಭಕ್ಕೆ ಜಾಗ ಉಳಿಯುತ್ತದೆ. ನೇರವಾಗಿ ಮಾರುವಾಗ ಸಗಟು ಬೆಲೆಗೇ ಕೊಡುವವರು ಮುಂದೆ ಅಂಗಡಿಗೆ ಹೋಗುವ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಇನ್ನೊಂದು ಲೆಕ್ಕ: 100 ಗಂಟೆಗೆ 25 ಚೀಲ. ಇದು ನಿಮ್ಮ ಮಿತಿ. 25 ಚೀಲದ ಕೂಲಿ ಮತ್ತು ಲಾಭ ಸೇರಿ ಬದುಕಿಗೆ ಸಾಲದಿದ್ದರೆ ಯಾವ ಜಾಹೀರಾತೂ ಕೈಹಿಡಿಯದು. ಬೆಲೆ ಬದಲಾಗಬೇಕು, ಇಲ್ಲವೇ ಚೀಲಕ್ಕೆ ಹಿಡಿಯುವ 4 ಗಂಟೆ ಕಡಿಮೆಯಾಗಬೇಕು.

ಕೋಚ್ ಆಯ್ಕೆ

ಕೋಚ್ ಕೆಲಸ ಪ್ರಶ್ನೆ ಕೇಳಿ, ನಿಮ್ಮಿಂದಲೇ ತೀರ್ಮಾನ ಮಾಡಿಸಿ, ಮಾಡಿದಿರಾ ಎಂದು ವಿಚಾರಿಸುವುದು. ನಿಮ್ಮ ಕಸುಬಿನ ಒಳಗುಟ್ಟು ಬೇಕಿದ್ದರೆ ಅದೇ ಕಸುಬಿನ ಹಿರಿಯರನ್ನು ಹುಡುಕಿ. ಲೆಕ್ಕ ಬರೆದುಕೊಡಲು ಬೇಕಿದ್ದರೆ ಲೆಕ್ಕಿಗರನ್ನು. ಮೂರನ್ನೂ ಒಬ್ಬರಿಂದ ನಿರೀಕ್ಷಿಸಿದರೆ ಮೂರೂ ಅರ್ಧಂಬರ್ಧ.

ಪರೀಕ್ಷಿಸುವ ದಾರಿ ಸರಳ. ಮೇಲಿನ ಅಸಲಿನ ಲೆಕ್ಕವನ್ನು ಅವರ ಮುಂದಿಡಿ. ಗಂಟೆಗಳ ಬಗ್ಗೆ, ವ್ಯರ್ಥದ ಬಗ್ಗೆ ಕೇಳಿದರೆ ಒಳ್ಳೆಯ ಲಕ್ಷಣ. ನೇರವಾಗಿ ಜಾಹೀರಾತಿಗೆ, ಫಾಲೋವರ್‌ಗಳ ಸಂಖ್ಯೆಗೆ ಹಾರಿದರೆ ಅವರಿಗೆ ಕೈಯ ಮಿತಿ ಗೊತ್ತಿಲ್ಲ. ಅವರ ಹಿಂದಿನ ಗ್ರಾಹಕರಲ್ಲಿ ಕೈಯಿಂದ ಮಾಡಿ ಮಾರುವ ಇಬ್ಬರ ಜೊತೆಯಾದರೂ ಮಾತಾಡಿ. ಇಷ್ಟೇ ಆದಾಯ ಖಚಿತ ಎನ್ನುವವರಿಂದ, ವರ್ಷದ ಶುಲ್ಕ ಮೊದಲೇ ಕೇಳುವವರಿಂದ, ಇವತ್ತೇ ತೀರ್ಮಾನಿಸಿ ಎಂದು ಒತ್ತುವವರಿಂದ ದೂರವಿರಿ.

ಶುಲ್ಕವನ್ನು ಚೀಲದಲ್ಲಿ ಅಳೆಯಿರಿ. ಚೀಲಕ್ಕೆ ಲಾಭ 288, ಶುಲ್ಕ 5000 ಆದರೆ 18 ಚೀಲದ ಲಾಭ ಅಲ್ಲಿಗೆ ಹೋಯಿತು. ಅದು ಎಲ್ಲಿಂದ ವಾಪಸ್ಸು ಬರುತ್ತದೆಂದು ನಿಮಗೂ ಕೋಚ್‌ಗೂ ಹೇಳಲು ಬರಬೇಕು.

ಭೇಟಿಗಳನ್ನು ನಡೆಸುವುದು

3 ತಿಂಗಳು, 2 ವಾರಕ್ಕೊಮ್ಮೆ 60 ನಿಮಿಷ, ಒಟ್ಟು 6 ಭೇಟಿ: ಆರಂಭಕ್ಕೆ ಇಷ್ಟು ಸಾಕು. ಶುಲ್ಕ, ಭೇಟಿ ತಪ್ಪಿದರೆ ಏನು, ನಡುವೆ ನಿಲ್ಲಿಸುವುದು ಹೇಗೆ, ನಿಮ್ಮ ವಿನ್ಯಾಸ ಮತ್ತು ಲೆಕ್ಕದ ಗುಟ್ಟು ಕಾಪಾಡುವುದು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪ್ರತಿ ಭೇಟಿಯ ಹಿಂದಿನ ದಿನ ಕೋಚ್‌ಗೆ ನಾಲ್ಕು ಅಂಕಿ ಕಳುಹಿಸಿ: ಮಾರಿದ್ದು, ಕೈಯಲ್ಲಿರುವ ನಗದು, ದುಡಿದ ಗಂಟೆ, ಬಾಕಿ ಆರ್ಡರ್. ಮೊದಲ 10 ನಿಮಿಷ ಹಿಂದಿನ ಕೆಲಸಗಳ ವಿಚಾರಣೆ, 35 ನಿಮಿಷ ಒಂದೇ ಸಮಸ್ಯೆ, ಉಳಿದ 15 ನಿಮಿಷ ಮುಂದಿನ ಕೆಲಸಗಳನ್ನು ತಾರೀಖಿನ ಸಮೇತ ಬರೆಯುವುದು. ಮೂರಕ್ಕಿಂತ ಹೆಚ್ಚು ಕೆಲಸ ಬೇಡ. ಅದೇ ಕೆಲಸ ಎರಡು ಭೇಟಿಯಲ್ಲೂ ಬಾಕಿ ಉಳಿದರೆ ಅದು ಸೋಮಾರಿತನವಲ್ಲದಿರಬಹುದು. ಕೆಲಸ ದೊಡ್ಡದಾಯಿತು, ಇಲ್ಲವೇ ನಿಮಗೆ ಅದರಲ್ಲಿ ನಂಬಿಕೆಯಿಲ್ಲ. ಬಾಯಿಬಿಟ್ಟು ಹೇಳಿ.

ಬೆಲೆ ಏರಿಸುವ ಮಾತು ಬಂದಾಗ ಕೈ ನಡುಗುವುದು ಸಹಜ. ಅಂಕಿ ಧೈರ್ಯ ಕೊಡುತ್ತದೆ. 2000ಕ್ಕೆ ತಿಂಗಳಿಗೆ 25 ಚೀಲ ಮಾರುತ್ತಿದ್ದೀರಿ ಎನ್ನಿ. ಸಾಮಗ್ರಿಯ 360 ಕಳೆದರೆ ಚೀಲಕ್ಕೆ 1640, ಒಟ್ಟು 41,000. ಬೆಲೆ 2400 ಮಾಡಿ ಐದು ಗಿರಾಕಿಗಳು ಬಿಟ್ಟುಹೋದರೂ 20 ಚೀಲಕ್ಕೆ 40,800 ಉಳಿಯುತ್ತದೆ, ಮೇಲೆ 20 ಗಂಟೆ ಬಿಡುವು. ಒಪ್ಪಿಕೊಂಡ ಆರ್ಡರ್‌ಗಳನ್ನು ಹಳೆಯ ಬೆಲೆಗೇ ಮುಗಿಸಿ. ಹೊಸ ಬೆಲೆಯನ್ನು ಮೊದಲು ಹೊಸ ವಿನ್ಯಾಸಕ್ಕೆ ಹಾಕಿ, ಅಂಗಡಿಗಳಿಗೆ 30 ದಿನ ಮುಂಚೆ ಬರೆದು ತಿಳಿಸಿ.

ಸಮಯ ಉಳಿಸಲು ಒಂದೊಂದಾಗಿ ಮಾಡುವುದನ್ನು ಬಿಟ್ಟು ಆರು ಚೀಲ ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ತೂತು ಹಾಕಿ, ಒಟ್ಟಿಗೆ ಹೊಲಿಯಿರಿ. ಸಜ್ಜು ಮಾಡುವ ಹೊತ್ತು ಆರಕ್ಕೂ ಹಂಚಿಹೋಗುತ್ತದೆ. ಅದಕ್ಕೆ ಮುನ್ನ ಒಂದು ಚೀಲವನ್ನು ಪೂರ್ತಿ ಮುಗಿಸಿ ನೋಡಿ, ಅಳತೆಯ ತಪ್ಪು ಆರರಲ್ಲೂ ಮರುಕಳಿಸಬಾರದು. ಸಹಾಯಕರನ್ನು ಇಟ್ಟುಕೊಳ್ಳುವುದಿದ್ದರೆ ಪ್ಯಾಕಿಂಗ್, ಉಜ್ಜುವುದು ಮುಂತಾದ ಕೆಲಸ ಮೊದಲು ಬಿಟ್ಟುಕೊಡಿ, ನಿಮ್ಮ ಕೈಗುರುತಿರುವ ಕೆಲಸವನ್ನಲ್ಲ. ಗಿರಾಕಿ ಹೇಳಿದಂತೆ ಮಾಡಿಕೊಡುವ ಆರ್ಡರ್‌ಗೆ ಅರ್ಧ ಮುಂಗಡ, ಒಂದು ಸಲ ಮಾತ್ರ ತಿದ್ದುಪಡಿ ಎಂದು ಮೊದಲೇ ಬರೆದು ಒಪ್ಪಿಸಿ.

ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಉತ್ಸಾಹದಲ್ಲಿ ಬೆಲೆ, ವಿನ್ಯಾಸ, ಮಾರುವ ಜಾಗ ಮೂರನ್ನೂ ಒಟ್ಟಿಗೆ ಬದಲಿಸುವುದು. ಆಮೇಲೆ ಮಾರಾಟ ಏರಿದರೂ ಇಳಿದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ತಿಂಗಳಿಗೊಂದು ಬದಲಾವಣೆ ಸಾಕು.

ಆರನೆಯ ಭೇಟಿಯಲ್ಲಿ ಮೊದಲ ದಿನದ ಅಂಕಿಗಳ ಪಕ್ಕ ಇವತ್ತಿನದನ್ನು ಬರೆಯಿರಿ. ಗಂಟೆಗೆ ಉಳಿಯುವ ಹಣ ಏರಿದ್ದು, ಮುಂದಿನ ಸಮಸ್ಯೆ ಹೆಸರಿಸಲು ಬಂದರೆ ಇನ್ನೊಂದು 3 ತಿಂಗಳು ಮುಂದುವರಿಸಬಹುದು. ಏರಿದ್ದು, ಹೊಸ ಸಮಸ್ಯೆ ಏನೂ ಇಲ್ಲದಿದ್ದರೆ 3 ತಿಂಗಳಿಗೊಂದು ಭೇಟಿ ಸಾಕೆಂದು ಹೇಳಿ. ಏರದೇ ಇದ್ದರೆ ಒಪ್ಪಂದದ ಪುಟದಲ್ಲಿ ಬರೆದಂತೆ ನಿಲ್ಲಿಸಿ.