ಬಳಚಿಗೆ ನಲ್ಲಿ ನೀರು ಹಾಕಬೇಡಿ

ಬಕೆಟ್ ತುಂಬ ನಲ್ಲಿ ನೀರು ಹಿಡಿದು, ಮರಳು ಬಿಡಲೆಂದು ಬಳಚನ್ನು, ಅಂದರೆ ಹೊಳೆಯ ಚಿಪ್ಪುಮೀನನ್ನು, ರಾತ್ರಿಯಿಡೀ ಮುಳುಗಿಸಿಡುತ್ತೀರಿ. ಬೆಳಿಗ್ಗೆ ಅರ್ಧ ಸತ್ತು ನಾತ ಹೊಡೆದರೆ ಮಾರಿದವಳಿಗೆ ಬೈಗುಳ. ಹೊಳೆಯಲ್ಲಿ ಬಳಚೇ ಇಲ್ಲ ಎಂದು ಗೋಳಾಡುವವರೂ ನೀವೇ. ತಂದದ್ದರಲ್ಲಿ ಅರ್ಧ ತಿಪ್ಪೆಗೆ ಹೋದರೆ ಹೊಳೆಯಲ್ಲಿ ಉಳಿಯುವುದೇನು?

ಕೊಳ್ಳುವಾಗಲೇ ನೋಡಿ ಕೊಳ್ಳಿ. ಎರಡು ಸೆಂಟಿಮೀಟರ್ ದಾಟದ ಮರಿಗಳಲ್ಲಿ ಹಲವು ಒಮ್ಮೆಯೂ ಮೊಟ್ಟೆ ಬಿಟ್ಟಿರುವುದಿಲ್ಲ, ಬೇಯಿಸಿದರೆ ಮಾಂಸವೂ ಬಾಯಿಗೆ ಸಿಗುವುದಿಲ್ಲ. ಅಗ್ಗವೆಂದು ಅದನ್ನು ತಂದರೆ ಮುಂದಿನ ವರ್ಷದ ಬಳಚಿಗೆ ಕಲ್ಲು ಹಾಕಿದಂತೆ. ಉತ್ತರ ಕನ್ನಡದ ಅಘನಾಶಿನಿ ಹೊಳೆಯಲ್ಲಿ ಮೊದಲು ಹೆಂಗಸರು ಇಳಿತದ ಹೊತ್ತಿಗೆ ಮರಳಲ್ಲಿ ಕೈಯಾಡಿಸಿ ಆಯುತ್ತಿದ್ದರು. ಸಣ್ಣದೆಂದು ಬೆರಳಿಗೇ ಗೊತ್ತಾಗಿ ಅಲ್ಲೇ ಬಿಟ್ಟು ಬರುತ್ತಿದ್ದರು. ಕೇರಳದ ಅಷ್ಟಮುಡಿ ಸರೋವರದವರು ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಮೊಟ್ಟೆ ಬಿಡುವ ಕಾಲದಲ್ಲಿ, ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಬಲೆಯ ಕಣ್ಣನ್ನೂ ದೊಡ್ಡದು ಮಾಡಿಕೊಂಡರು. 2014ರಲ್ಲಿ ಅವರ ಬಳಚಿಗೆ, ಸಂತತಿ ಬರಿದಾಗದಂತೆ ಹಿಡಿಯುವವರಿಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಬಂತು, ಭಾರತದ ಮೀನುಗಾರಿಕೆಯಲ್ಲೇ ಅದು ಮೊದಲನೆಯದು.

ಇನ್ನು ಮರಳು ಬಿಡಿಸುವುದು. ಸಿಹಿನೀರಲ್ಲಿ ಬಳಚು ಬಾಯಿ ಮುಚ್ಚಿಕೊಳ್ಳುತ್ತದೆ, ಮರಳು ಒಳಗೇ ಉಳಿಯುತ್ತದೆ. ನೀರಿಗೆ ಕಲ್ಲುಪ್ಪು ಕದಡಿ ನಾಲಿಗೆಗೆ ಹಚ್ಚಿ ನೋಡಿ. ಹೊಳೆ ಕಡಲು ಸೇರುವ ಅಳಿವೆಯ ನೀರಿನಷ್ಟು ಉಪ್ಪಿದ್ದರೆ ಸಾಕು, ಕಹಿಯಾಗುವಷ್ಟು ಬೇಡ. ಅಗಲವಾದ ಪಾತ್ರೆಯ ತಳದಿಂದ ಬೆರಳೆತ್ತರದಲ್ಲಿ ತೂತಿನ ಬುಟ್ಟಿ ಕೂರಿಸಿ ಬಳಚನ್ನು ಒಂದೇ ಪದರವಾಗಿ ಹರಡಿ. ಬುಟ್ಟಿಯಿಲ್ಲದಿದ್ದರೆ ಉಗುಳಿದ ಮರಳನ್ನು ಅದೇ ಮತ್ತೆ ಒಳಗೆಳೆದುಕೊಳ್ಳುತ್ತದೆ. ನೀರು ಚಿಪ್ಪು ಮುಳುಗುವಷ್ಟೇ ಇರಲಿ. ರಾಶಿ ಹಾಕಿ ಆಳ ನೀರು ತುಂಬಿದರೆ ತಳದವು ಉಸಿರುಗಟ್ಟಿ ಸಾಯುತ್ತವೆ. ಮೇಲೆ ಒದ್ದೆ ಬಟ್ಟೆ ಮುಚ್ಚಿ ಮೂರ್ನಾಲ್ಕು ತಾಸು ಕತ್ತಲಲ್ಲಿಡಿ, ನಡುವೆ ಒಮ್ಮೆ ನೀರು ಬದಲಿಸಿ. ಪಾತ್ರೆ ಬಗ್ಗಿಸಿ ಸೋಸಬೇಡಿ, ಬುಟ್ಟಿಯನ್ನೇ ಎತ್ತಿ. ಆ ಉಪ್ಪುನೀರನ್ನು ಮಲ್ಲಿಗೆ ಬುಡಕ್ಕೆ ಹೊಯ್ಯುವ ಬುದ್ಧಿವಂತರೂ ಇದ್ದಾರೆ. ಗಿಡ ಒಣಗಿತೆಂದು ಆಮೇಲೆ ಗೊಬ್ಬರಕ್ಕೆ ಓಡುತ್ತಾರೆ! ಚರಂಡಿಗೆ ಚೆಲ್ಲಿ, ಮಾರಾಯ್ತಿ.

ಬಾಯಿ ತೆರೆದದ್ದನ್ನು ಬೆರಳಿಂದ ತಟ್ಟಿ. ಮುಚ್ಚಿಕೊಂಡರೆ ಜೀವವಿದೆ, ಇಲ್ಲದಿದ್ದರೆ ಎಸೆಯಿರಿ. ಮರಳು ಹೋಯಿತೆಂದರೆ ಹೊಳೆಗೆ ಬಿಟ್ಟ ಕೊಳಕೂ ಹೋಯಿತೆಂದಲ್ಲ, ಆದ್ದರಿಂದ ಚಿಪ್ಪು ತೆರೆದ ಮೇಲೂ ನಾಲ್ಕೈದು ನಿಮಿಷ ಕುದಿಯಲಿ. ಖಾಲಿ ಚಿಪ್ಪನ್ನು ಬಿಸಿಲಿಗೆ ಹಾಕಿ ಕುಟ್ಟಿ ಪುಡಿ ಮಾಡಿಡಿ, ಮೊಟ್ಟೆಯಿಡುವ ಕೋಳಿಗೆ ಸುಣ್ಣದಂಶ ಅದರಲ್ಲೇ ಸಿಗುತ್ತದೆ.